ಪದ ಬೇಕು: ಪ್ರೈಸ್ ಡಿಸ್ಕ್ರಿಮಿನೇಷನ್‌ಗೆ ‘ಬೆಲೆ ತಾರತಮ್ಯ’ ಸರಿನಾ?

ಎಲ್ಲರಿಗೂ ನಮಸ್ಕಾರ, ಸ್ವಲ್ಪ ಅರ್ಜೆಂಟಿದೆ. ಕನ್ನಡ ಮಾಧ್ಯಮದ ಬಿ.ಎ. ಮಕ್ಕಳಿಗಾಗಿ ಅರ್ಥಶಾಸ್ತ್ರದ ಒಂದು ಅಧ್ಯಾಯ ಅನುವಾದಿಸುತ್ತಿದ್ದೇನೆ, ಶುಕ್ರವಾರ ಅಚ್ಚಿಗೆ ಹೋಗಬೇಕು. ಏಕಸ್ವಾಮ್ಯ ಇರುವವನು ಒಂದೇ ಸರಕನ್ನು ಒಬ್ಬರಿಗೆ ಒಂದು ಬೆಲೆಗೆ, ಇನ್ನೊಬ್ಬರಿಗೆ ಇನ್ನೊಂದು ಬೆಲೆಗೆ ಮಾರುತ್ತಾನಲ್ಲ, ಅದಕ್ಕೆ ‘ಬೆಲೆ ತಾರತಮ್ಯ’ ಅಂತ ಹಾಕಿದ್ದೆ. ಕರಡು ಓದಿದ ವಿದ್ಯಾರ್ಥಿನಿ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿದ್ದಾಳೆ: “ತಾರತಮ್ಯ ಅಂದಮೇಲೆ ಅನ್ಯಾಯವೇ ಅಲ್ವಾ? ಇದರಿಂದ ಜನರಿಗೆ ಒಳ್ಳೆಯದಾ ಕೆಟ್ಟದ್ದಾ ಅಂತ ಮತ್ತೆ ಯಾಕೆ ಕೇಳ್ತೀರಿ?” ಅಧ್ಯಾಯದ ಪ್ರಶ್ನೆಯೇ ಅದು! ಬೇರೆ ಪದ ಇದ್ದರೆ ಹೇಳಿ.

ಉತ್ತರ 1:
ಬೇರೆ ಪದ ಬೇಡ. ಕನ್ನಡದ ಅರ್ಥಶಾಸ್ತ್ರ ಪುಸ್ತಕಗಳಲ್ಲಿ ಅದೇ ಇದೆ, ಮಕ್ಕಳು ಪರೀಕ್ಷೆಯಲ್ಲಿ ಬರೆಯುವುದೂ ಅದನ್ನೇ. ಲಘುತರದ ‘ತರ’, ಲಘುತಮದ ‘ತಮ’ ಸೇರಿ ತಾರತಮ್ಯ. ಅಂದರೆ ಮೆಟ್ಟಿಲು ಮೆಟ್ಟಿಲಾಗಿರುವುದು. ಮಾಧ್ವರು ದೇವತೆಗಳಲ್ಲಿ ತಾರತಮ್ಯ ಹೇಳುವಾಗ ಯಾರಿಗೂ ಅನ್ಯಾಯ ಮಾಡುತ್ತಿಲ್ಲ. ‘ತಾರತಮ್ಯ ಜ್ಞಾನ ಇಲ್ಲದವನು’ ಅಂದರೆ ವಿವೇಕ ಇಲ್ಲದವನು. 1920ರಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಪಿಗೂ ಇದನ್ನು ಮೂರು ದರ್ಜೆಯಾಗಿ ವಿಂಗಡಿಸಿದರು, ಅದಕ್ಕೂ ಈ ಪದ ಚೆನ್ನಾಗಿ ಒಪ್ಪುತ್ತದೆ. ಮಕ್ಕಳಿಗೆ ಪದದ ಹುಟ್ಟು ಹೇಳಿಕೊಡಿ, ಸಾಕು.

ಉತ್ತರ 2:
> ಮಕ್ಕಳಿಗೆ ಪದದ ಹುಟ್ಟು ಹೇಳಿಕೊಡಿ

ಅರ್ಥಶಾಸ್ತ್ರ ಕಲಿಯಲು ಮೊದಲು ಸಂಸ್ಕೃತದ ಪ್ರತ್ಯಯ ಕಲಿಯಬೇಕಾ? ‘ಲಿಂಗ ತಾರತಮ್ಯ’ ಅಂತ ದಿನಾ ಓದುವ ಹುಡುಗಿಗೆ ಆ ಪದದ ಅರ್ಥ ಅದೇ. ‘ಬೇರೆಬೆಲೆ’ ಅನ್ನಿ. ಏಕಸ್ವಾಮ್ಯಕ್ಕೆ ‘ಒಬ್ಬೊಡೆತನ’. ಬೆಲೆ ನಮ್ಮದೇ ಪದ, ತಮಿಳಿನ ‘ವಿಲೈ’ಗೆ ನೆಂಟ. ಮನೆಯಲ್ಲಿ ಇರುವುದನ್ನು ಬಿಟ್ಟು ಪಕ್ಕದವರ ಹತ್ತಿರ ಕೇಳುವ ಚಟ ಯಾವಾಗ ಹೋಗುತ್ತದೋ.

ಉತ್ತರ 1:
‘ಬೇರೆಬೆಲೆ’ ಆಗದು. ಎರಡು ಅಂಗಡಿಯಲ್ಲಿ ಎರಡು ಬೆಲೆ ಇದ್ದರೂ ಅದು ಬೇರೆಬೆಲೆಯೇ. ಸಾಗಣೆ ಖರ್ಚು ಜಾಸ್ತಿಯಾಗಿ ಬೆಲೆ ಜಾಸ್ತಿಯಾದರೂ ಬೇರೆಬೆಲೆಯೇ. ಒಬ್ಬನೇ ಮಾರುವವನು ಬೇಕಂತಲೇ ಮಾಡುವುದು ಅನ್ನುವುದು ಅದರಲ್ಲಿ ಎಲ್ಲಿದೆ?

ಉತ್ತರ 3:
ಇಬ್ಬರೂ ಪದದ ಜಾತಕ ನೋಡುತ್ತಿದ್ದೀರಿ. ವಿಷಯ ನೋಡೋಣ.

ನಮ್ಮೂರಿನಲ್ಲಿ ಇದ್ದದ್ದು ಒಂದೇ ಟಾಕೀಸು. ಗಾಂಧಿ ಕ್ಲಾಸಿನ ಬೆಂಚಿಗೆ ಒರಗು ಇರಲಿಲ್ಲ, ಕತ್ತು ಎತ್ತಿ ನೋಡಿ ನೋಡಿ ಇಂಟರ್ವಲ್‌ಗೇ ನೋವು ಶುರುವಾಗುತ್ತಿತ್ತು. ಒಂದು ಹಲಗೆ ಹೊಡೆಸಲು ಮಾಲೀಕನಿಗೆ ದುಡ್ಡಿಲ್ಲ ಅಂತಲ್ಲ, ಒರಗು ಹಾಕಿದರೆ ಬಾಲ್ಕನಿಯವರೂ ಕೆಳಗೆ ಬಂದು ಕೂರುತ್ತಾರಲ್ಲ. ಫ್ರಾನ್ಸಿನ ಎಂಜಿನಿಯರ್ ದ್ಯುಪ್ವಿ 1849ರಲ್ಲಿ, ರೈಲಿನ ಮೂರನೇ ದರ್ಜೆಯ ಡಬ್ಬಿಗೆ ಚಾವಣಿ ಯಾಕಿಲ್ಲ ಅಂತ ಬರೆಯುವಾಗ ಹೇಳಿದ್ದೂ ಇದನ್ನೇ.

ಈಗ ಲೆಕ್ಕ. ಊರಿನ 100 ಜನ 80 ರೂಪಾಯಿ ತನಕ ಕೊಡಬಲ್ಲರು, 150 ಜನ 25ರ ತನಕ. ಒಂದೇ ಬೆಲೆ ಇಡಬೇಕು ಅಂದರೆ ಮಾಲೀಕ 80 ಇಡುತ್ತಾನೆ, 8,000 ಬರುತ್ತದೆ. 25 ಇಟ್ಟರೆ ಬರುವುದು 6,250. ಆ 150 ಜನ ಹೊರಗೇ ಉಳಿಯುತ್ತಾರೆ. ಎರಡು ಬೆಲೆ ಇಡಲು ಬಿಟ್ಟರೆ ಅವರೂ ಒಳಗೆ ಬರುತ್ತಾರೆ, ಬಾಲ್ಕನಿಯವರಿಗೆ ಒಂದು ಪೈಸೆಯೂ ಹೆಚ್ಚಾಗುವುದಿಲ್ಲ. 80ರ ಬದಲು 60 ಹಾಕಿ ನೋಡಿ. 60ಕ್ಕೆ 6,000, 25ಕ್ಕೆ 6,250. ಮಾಲೀಕ ತಾನಾಗಿಯೇ 25 ಇಡುತ್ತಾನೆ, ಎಲ್ಲರೂ ಸಿನಿಮಾ ನೋಡುತ್ತಾರೆ. ಇಲ್ಲಿ ಎರಡು ಬೆಲೆ ಬಂದರೆ ಹೊಸಬರು ಒಬ್ಬರೂ ಬರುವುದಿಲ್ಲ, 100 ಜನರ ಜೇಬಿನಿಂದ ತಲಾ 35 ರೂಪಾಯಿ ಮಾಲೀಕನ ಜೇಬಿಗೆ ಹೋಗುತ್ತದೆ. ಮಾರಾಟ ಜಾಸ್ತಿಯಾಗದೆ ಒಟ್ಟು ಕಲ್ಯಾಣ, ಅಂದರೆ ಕೊಳ್ಳುವವರಿಗೂ ಮಾರುವವನಿಗೂ ಸೇರಿ ಆಗುವ ಲಾಭ, ಹೆಚ್ಚಲಾರದು ಅಂತ ಅರ್ಥಶಾಸ್ತ್ರಜ್ಞ ವೇರಿಯನ್ 1985ರಲ್ಲಿ ತೋರಿಸಿದ್ದು ಇದನ್ನೇ.

ಒಂದೇ ಕೆಲಸ, ಒಂದು ಊರಿಗೆ ಒಳ್ಳೆಯದು, ಇನ್ನೊಂದಕ್ಕೆ ಅಲ್ಲ. ತೀರ್ಪು ಪದದಲ್ಲೇ ಇದ್ದರೆ ಮಕ್ಕಳು ಲೆಕ್ಕ ಯಾಕೆ ಮಾಡುತ್ತಾರೆ? ಹಂಪಿಯ ವಿಠ್ಠಲ ದೇವಸ್ಥಾನದ ಕೌಂಟರಿನಲ್ಲಿ ನಮಗೆ 40 ರೂಪಾಯಿ, ಹೊರದೇಶದ ಹೆಚ್ಚಿನವರಿಗೆ 600. ಅವರಿಗೆ ಅದು ತಾರತಮ್ಯ, ನಮಗೆ ರಿಯಾಯಿತಿ. ರೈಲಿನಲ್ಲಿ ಹಿರಿಯರ ಟಿಕೆಟ್ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತಾಗ ನಮಗೆಲ್ಲ ಬೇಜಾರಾಯಿತು, ಅದು ಇದ್ದಾಗ ಯಾರೂ ತಾರತಮ್ಯ ಅನ್ನಲಿಲ್ಲ. ಅಂದಹಾಗೆ ‘ರಿಯಾಯಿತಿ’ ಅರಬ್ಬಿಯಿಂದ ಪಾರ್ಸಿ ಹಾದು ಬಂದದ್ದು, ಅದನ್ನು ಯಾರೂ ಓಡಿಸುತ್ತಿಲ್ಲವಲ್ಲ.

ನನ್ನ ಮಾತು: ‘ಬೆಲೆಭೇದ’. ಭೇದ ಅಂದರೆ ಸೀಳುವುದು. ಕೊಳ್ಳುವವರನ್ನು ಸೀಳಿ, ಇವರ ಟಿಕೆಟ್ ಅವರ ಕೈಗೆ ಹೋಗದ ಹಾಗೆ ನೋಡಿಕೊಂಡರೆ ಮಾತ್ರ ಎರಡು ಬೆಲೆ ನಿಲ್ಲುತ್ತದೆ.

ಉತ್ತರ 1:
ಪಂಕ್ತಿಭೇದ ಮರೆತಿರಾ? ಭೇದವೂ ಮೈಲಿಗೆಯೇ.

ಉತ್ತರ 2:
ಭೇದವೂ ಸಂಸ್ಕೃತವೇ. ನೂರು ರಿಯಾಯಿತಿ ಬಂದು ಕೂತಿವೆ ಅಂತ ನೂರಾ ಒಂದನೆಯದಕ್ಕೂ ಬಾಗಿಲು ತೆಗೆಯಬೇಕಾ? ಹಳ್ಳಿಯಲ್ಲಿ ‘ಮುಖ ನೋಡಿ ಮಣೆ ಹಾಕೋದು’ ಅಂತಾರೆ. ‘ಮುಖ ನೋಡಿ ಬೆಲೆ ಹೇಳೋದು’ ಅನ್ನಿ, ಎಲ್ಲರಿಗೂ ತಿಳಿಯುತ್ತದೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಪಂಕ್ತಿಭೇದದ ಮಾತು ನಿಜ, ಆದರೂ ‘ಭೇದ’ ಒಂದನ್ನೇ ಕೇಳಿದರೆ ‘ತಾರತಮ್ಯ’ದಷ್ಟು ಸಿಟ್ಟು ಬರುವುದಿಲ್ಲ. ಶೀರ್ಷಿಕೆಗೆ ‘ಬೆಲೆಭೇದ’ ಹಾಕುತ್ತೇನೆ. ಮೊದಲ ಸಾಲಿನಲ್ಲಿ ‘ಪಠ್ಯಗಳಲ್ಲಿ ಬೆಲೆ ತಾರತಮ್ಯ’ ಅಂತ ಸೇರಿಸುತ್ತೇನೆ, ಪರೀಕ್ಷೆ ಬರೆಯುವವರಿಗೆ ತೊಂದರೆ ಆಗಬಾರದು. ‘ಮುಖ ನೋಡಿ’ಯನ್ನು ಪಿಗೂ ಅವರ ಮೊದಲ ದರ್ಜೆಗೆ ಇಟ್ಟುಕೊಂಡೆ, ಅಲ್ಲಿ ಒಬ್ಬೊಬ್ಬರಿಗೂ ಒಂದೊಂದು ಬೆಲೆ. ಟಾಕೀಸಿನ ಲೆಕ್ಕವನ್ನು ಆ ಹುಡುಗಿಗೆ ಕೊಟ್ಟೆ, 80 ಅಳಿಸಿ 70 ಹಾಕಿ ಮಾಡುತ್ತಾ ಕೂತಿದ್ದಾಳೆ.

ಈಗ ಕನ್ಸ್ಯೂಮರ್ ಸರ್‌ಪ್ಲಸ್‌ಗೆ, ಅಂದರೆ ಕೊಳ್ಳುವವನು ಕೊಡಬಲ್ಲ ಬೆಲೆಗಿಂತ ಕಡಿಮೆ ಕೊಟ್ಟು ಉಳಿಸಿಕೊಳ್ಳುವುದಕ್ಕೆ, ‘ಗ್ರಾಹಕರ ಮಿಗತೆ’ ಸಾಕಾ? ನಾಳೆ ಸಂಜೆಯೊಳಗೆ ಹೇಳಿ.