‘ಗುರಿ ತಪ್ಪಿದೆ’ ಎಂಬ ಒಂದೇ ಮಾತು, ಎರಡು ರೋಗ

ಗೆಳೆಯರೇ,

ಗುರಿ ಸ್ಪರ್ಧೆಯ ರೈಫಲ್ ಕೆಟ್ಟರೆ ಏನೇನು ನೋಡಬೇಕು ಅಂತ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಮೊದಲ ಸಾಲಿನಲ್ಲೇ ಸಿಕ್ಕಿಬಿದ್ದೆ. ‘ರೈಫಲ್ಲಿನ ನಿಖರತೆ ಕಡಿಮೆಯಾಗಿದ್ದರೆ’ ಎಂದು ಬರೆದಿದ್ದೆ. ಗುಂಡು ಹೊಡೆದು ಅಭ್ಯಾಸವಿರುವ ಗೆಳೆಯರೊಬ್ಬರು ಓದಿ, ‘ಯಾವ ನಿಖರತೆ?’ ಎಂದರು.

ಐದು ಗುಂಡು ಹೊಡೆದಿರಿ ಅಂದುಕೊಳ್ಳಿ. ಐದೂ ಒಂದಕ್ಕೊಂದು ಅಂಟಿಕೊಂಡ ಹಾಗೆ ಬಿದ್ದಿವೆ, ಆದರೆ ನಡುಬೊಟ್ಟಿನಿಂದ ಎರಡು ಬೆರಳು ಎಡಕ್ಕೆ. ಇನ್ನೊಂದು ಸಲ ಐದೂ ನಡುಬೊಟ್ಟಿನ ಸುತ್ತಲೇ ಇವೆ, ಆದರೆ ಅಲ್ಲೊಂದು ಇಲ್ಲೊಂದು. ನಾವು ಎರಡಕ್ಕೂ ‘ಗುರಿ ತಪ್ಪಿದೆ’ ಅಂತಲೇ ಹೇಳುತ್ತೇವೆ, ಅಲ್ವಾ? ಮದ್ದು ಮಾತ್ರ ಬೇರೆ. ಮೊದಲನೆಯದಕ್ಕೆ ಸೈಟನ್ನು, ಅಂದರೆ ಗುರಿ ನೋಡುವ ಭಾಗವನ್ನು, ಕೆಲವು ಕ್ಲಿಕ್ ತಿರುಗಿಸಿದರೆ ಸಾಕಾಗಬಹುದು. ಎರಡನೆಯದಕ್ಕೆ ಎಷ್ಟು ತಿರುಗಿಸಿದರೂ ಚದುರಿದ್ದು ಚದುರಿದ ಹಾಗೇ ಪಕ್ಕಕ್ಕೆ ಸರಿಯುತ್ತದೆ, ಅಷ್ಟೇ. ಅಲ್ಲಿ ಬೇರೆಯದೇ ಹುಡುಕಾಟ. ಸ್ಟಾಕಿಗೆ (ಭುಜಕ್ಕೆ ಆನಿಸುವ ಹಿಡಿಗೆ) ಬಿಗಿದ ಸ್ಕ್ರೂ ಸಡಿಲವಾಗಿದೆಯೇ, ನಳಿಕೆಯೊಳಗೆ ಸೀಸದ ಕಿಟ್ಟ ಕಟ್ಟಿದೆಯೇ, ನಳಿಕೆಯ ಬಾಯಂಚಿಗೆ ಪೆಟ್ಟು ಬಿದ್ದಿದೆಯೇ, ಗುಂಡಿನ ಲಾಟ್ (ಒಟ್ಟಿಗೆ ತಯಾರಾದ ಕಂತು) ಬದಲಾಯಿತೇ. ಅದಕ್ಕೂ ಮೊದಲು ರೈಫಲ್ಲನ್ನು ಮರಳಚೀಲದ ಮೇಲೆ ಆನಿಸಿ ಹೊಡೆದು ನೋಡಬೇಕು. ಆಗಲೂ ಚದುರಿದರೆ ತಪ್ಪು ಬಹುಶಃ ಕೈಯದಲ್ಲ. (ಸುಮ್ನೆ ಸೈಟ್ ತಿರುಗಿಸುತ್ತಾ ದಿನವಿಡೀ ಕಳೆದವರಲ್ಲಿ ನಾನೂ ಒಬ್ಬ.)

10 ಮೀಟರ್ ಏರ್ ರೈಫಲ್ಲಿನಲ್ಲಿ ಗುಂಡು 4.5 ಮಿ.ಮೀ. ದಪ್ಪ, ಹತ್ತು ಅಂಕದ ಬೊಟ್ಟು ಬರೀ 0.5 ಮಿ.ಮೀ. ಅಲ್ಲಿ ಕೂದಲೆಳೆಯಷ್ಟು ಚದುರಿದರೂ ಅಂಕ ಹೋಗುತ್ತದೆ. ಹಾಗಾಗಿ ‘ನಿಖರತೆ’ ಅಂತ ಮೊಗಮ್ಮಾಗಿ ಬರೆದು ಜಾರಿಕೊಳ್ಳುವ ಹಾಗಿಲ್ಲ.

ಒಂದನ್ನು ‘ನಿಖರತೆ’, ಇನ್ನೊಂದನ್ನು ‘ನಿಷ್ಕೃಷ್ಟತೆ’ ಎಂದರಾಯಿತು ಅಂತ ಒಬ್ಬರು ಹೇಳಿದರು. ನನಗೆ ಒಪ್ಪಿಗೆಯಿಲ್ಲ. ಓದುಗರಿಗೆ ಎರಡೂ ಒಂದೇ ಅನ್ನಿಸುತ್ತವೆ, ಎರಡನೆಯದಕ್ಕೆ ನಾಲಿಗೆಯೂ ತೊಡರುತ್ತದೆ. ‘ಕರಾರುವಾಕ್ಕು’ ಲೆಕ್ಕಪತ್ರಕ್ಕೆ ಚೆಂದ, ಗುಂಡಿಗಲ್ಲ.

ಒಂದು ಸಲ ಹೊಡೆದ ಗುಂಡುಗಳ ತೂತುಗಳನ್ನೆಲ್ಲ ಸೇರಿಸಿ ಹೊಡೆಯುವವರು ‘ಗ್ರೂಪ್’ ಅನ್ನುತ್ತಾರೆ. ಅದನ್ನೇ ‘ಗುಂಪು’ ಮಾಡಿಕೊಂಡೆ. ‘ಗೊಂಚಲು’ ಅಂತಲೂ ಯೋಚಿಸಿದ್ದೆ, ಆದರೆ ಗೊಂಚಲಿಗೆ ಒಂದು ತೊಟ್ಟು ಬೇಕು, ಕಾಗದದ ಮೇಲಿನ ತೂತುಗಳಿಗೆ ತೊಟ್ಟೆಲ್ಲಿ? ಗುಂಪಿನ ಅಗಲ ಅಳೆಯುವುದು ಅತಿ ದೂರದ ಎರಡು ತೂತುಗಳ ನಡುವಿನಿಂದ ನಡುವಿಗೆ. ಹೀಗೆ ನೋಡಿದರೆ ಹೆಸರುಪದ ಕಟ್ಟುವ ಗೋಜೇ ಬೇಡ, ಕ್ರಿಯಾಪದವೇ ಕೆಲಸ ಮಾಡುತ್ತದೆ. ‘ಗುಂಪು ಸರಿದಿದೆ’ ಅಂದರೆ ಸೈಟ್ ನೋಡಿ. ‘ಗುಂಪು ಚದುರಿದೆ’ ಅಂದರೆ ಸ್ಕ್ರೂ, ನಳಿಕೆ, ಗುಂಡು ನೋಡಿ. ಇನ್ನೊಂದು ಬಗೆಯೂ ಇದೆ. ಮೂರು ಗುಂಡು ಒಂದು ಕಡೆ, ಎರಡು ಇನ್ನೊಂದು ಕಡೆ. ಏನೋ ಸಡಿಲವಾಗಿ ಎರಡು ಜಾಗದಲ್ಲಿ ಕೂರುತ್ತಿರುವಾಗ ಹೀಗಾಗುವುದುಂಟು. ಅದಕ್ಕೆ ‘ಗುಂಪು ಒಡೆದಿದೆ’ ಎಂದು ಬರೆದಿದ್ದೇನೆ.

ಈಗ ನನ್ನ ಪ್ರಶ್ನೆ. ಸರಿದ ಗುಂಪನ್ನು ಮತ್ತೆ ನಡುವಿಗೆ ತರುವುದಕ್ಕೆ ಎಲ್ಲರೂ ‘ಜೀರೋ ಮಾಡು’ ಅನ್ನುತ್ತಾರೆ. ಗೊತ್ತಿಲ್ಲದವರಿಗೆ ಅದು ಇದ್ದದ್ದನ್ನೆಲ್ಲ ಸೊನ್ನೆ ಮಾಡಿದ ಹಾಗೆ ಕೇಳಿಸುತ್ತದೆ. ‘ಗುರಿ ಕೂಡಿಸು’ ಎನ್ನಲೇ, ‘ಸೈಟ್ ಹೊಂದಿಸು’ ಎನ್ನಲೇ? ಎರಡನೆಯದು ಸುಲಭ, ಆದರೆ ಅದು ಮಾಡುವ ಕೆಲಸವನ್ನು ಹೇಳುತ್ತದೆ, ಆಗಬೇಕಾದ್ದನ್ನು ಹೇಳುವುದಿಲ್ಲ. ನಿಮ್ಮ ಕಡೆ ಬೇರೆ ಮಾತು ಬಳಕೆಯಲ್ಲಿದ್ದರೆ ತಿಳಿಸಿ.