ಬಡ ದೇಶಕ್ಕೆ ನೆರವು ಬೇಕಾ, ವ್ಯಾಪಾರ ಸಾಕಾ? ಮೊಜಾಂಬಿಕ್ ಗೇರುಬೀಜದ ವಿಷಯ ಗೊತ್ತಿರುವವರು ಹೇಳಿ

ಬಯಲುಸೀಮೆ_ಬಸ್ಯಾ:
ಎಲ್ಲರಿಗೂ ನಮಸ್ಕಾರ. 2025ರಲ್ಲಿ ಅಮೆರಿಕ ಬಡ ದೇಶಗಳಿಗೆ ನೆರವು ಕೊಡುವ ತನ್ನ ಯುಎಸ್‌ಏಡ್ ಸಂಸ್ಥೆಯ ಅಂಗಡಿ ಮುಚ್ಚಿದಾಗಿನಿಂದ ನಮ್ಮ ಆಫೀಸಿನಲ್ಲಿ ಊಟದ ಹೊತ್ತಿಗೆ ಇದೇ ಜಗಳ. ಒಬ್ಬರು ಹೇಳುವುದು, ಒಳ್ಳೆಯದೇ ಆಯಿತು, ಬಿಟ್ಟಿ ದುಡ್ಡು ನಿಂತರೆ ಆಫ್ರಿಕಾದವರು ವ್ಯಾಪಾರ ಮಾಡಿ ಮೇಲೆ ಬರುತ್ತಾರೆ, ಕೊರಿಯಾ ಬರಲಿಲ್ವಾ ಅಂತ. ಇನ್ನೊಬ್ಬರು ತಕ್ಷಣ ಮೊಜಾಂಬಿಕ್ ಗೇರುಬೀಜ ತೆಗೆಯುತ್ತಾರೆ, ವ್ಯಾಪಾರ ಮುಕ್ತ ಮಾಡಿಯೇ ಅವರು ಹಾಳಾದದ್ದು ಅಂತ. ಯಾರ ಮಾತು ಸರಿ? ಗೂಗಲ್ ಮಾಡು ಅನ್ನಬೇಡಿ, ಮಾಡಿ ತಲೆ ಕೆಟ್ಟಿದೆ.

ಕುಡ್ಲದ_ಲೆಕ್ಕಿಗ:
ಮಂಗಳೂರು ಕಡೆ ಒಂದು ಗೇರುಬೀಜದ ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತಿದ್ದವನು ನಾನು. ಆ ಕತೆಯ ಇನ್ನೊಂದು ತುದಿ ನಮ್ಮೂರಲ್ಲೇ ಇದೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

1970ರ ಆಸುಪಾಸಿನಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಗೇರು ಬೆಳೆಯುತ್ತಿದ್ದ ದೇಶ ಮೊಜಾಂಬಿಕ್. ಸುಲಿಯುವ ಕಾರ್ಖಾನೆಗಳೂ ಅಲ್ಲೇ ಇದ್ದವು. 1975ರಲ್ಲಿ ಸ್ವಾತಂತ್ರ್ಯ ಬಂತು, ಅದರ ಬೆನ್ನಿಗೇ ಅಂತರ್ಯುದ್ಧ, ಅದು ಮುಗಿದದ್ದು 1992ರಲ್ಲಿ. ಅಷ್ಟೊತ್ತಿಗೆ ಸರ್ಕಾರ ಉಸಿರಾಡುತ್ತಿದ್ದದ್ದೇ ಹೊರಗಿನ ದುಡ್ಡಿನಲ್ಲಿ. ಆಗ ವಿಶ್ವಬ್ಯಾಂಕ್ ಷರತ್ತು ಹಾಕಿತು: ಕಚ್ಚಾ ಬೀಜದ ರಫ್ತು ಸುಂಕ ಇಳಿಸಿ, ಇಲ್ಲವಾದರೆ ಸಾಲ ಇಲ್ಲ. ಸುಂಕ ಇದ್ದರೆ ಬೀಜ ಒಳಗೇ ಉಳಿಯುತ್ತದೆ, ಕಾರ್ಖಾನೆಯವರು ರೈತನಿಗೆ ಕಮ್ಮಿ ರೇಟು ಕೊಟ್ಟು ಆರಾಮಾಗಿ ಕೂರುತ್ತಾರೆ ಅನ್ನುವುದು ಅವರ ವಾದ. ಅದರಲ್ಲಿ ಹುರುಳಿಲ್ಲ ಅಂತಲ್ಲ.

ಸುಂಕ ಇಳಿಯಿತು, ಬೀಜ ಭಾರತದ ಹಡಗು ಹತ್ತಿತು. ನಮ್ಮ ಬೆಳೆ ಬರುವುದು ಫೆಬ್ರವರಿಯಿಂದ ಮೇವರೆಗೆ. ಮೊಜಾಂಬಿಕ್, ಟಾಂಜಾನಿಯಾ ಬೀಜ ಬರುವುದು ವರ್ಷದ ಕೊನೆಗೆ. ಅದು ಬಂದರೆ ನಮ್ಮ ಕಾರ್ಖಾನೆಗಳಿಗೆ ವರ್ಷಪೂರ್ತಿ ಕೆಲಸ. ನಾಲ್ಕು ಕಿಲೋ ಬೀಜ ಸುಲಿದರೆ ಹೆಚ್ಚುಕಮ್ಮಿ ಒಂದು ಕಿಲೋ ತಿರುಳು ಸಿಗುತ್ತದೆ. ಇಡೀ ತಿರುಳಿಗೆ ಒಳ್ಳೆಯ ರೇಟು, ತುಂಡಾದದ್ದಕ್ಕೆ ಕಮ್ಮಿ. ಕೈಯಲ್ಲಿ ಸುಲಿಯುವ ಹೆಂಗಸರು ತುಂಡು ಮಾಡುವುದು ಕಮ್ಮಿ. ಸಿಪ್ಪೆಯ ಎಣ್ಣೆ ತಾಗಿದರೆ ಚರ್ಮ ಸುಡುತ್ತದೆ, ಹಾಗಾಗಿ ಬೆರಳಿಗೆ ಬೂದಿ ಹಚ್ಚಿಕೊಂಡು ದಿನವಿಡೀ ಕೂತು ಸುಲಿಯುತ್ತಿದ್ದರು. ಅಷ್ಟು ಕಡಿಮೆ ಕೂಲಿಗೆ ಅಷ್ಟು ನಾಜೂಕಿನ ಕೆಲಸ ಮಾಡಿಸುವವರ ಎದುರು ಆಗಷ್ಟೇ ಖಾಸಗಿಯವರ ಕೈಗೆ ಹೋಗಿದ್ದ ಅಲ್ಲಿನ ಹಳೇ ಕಾರ್ಖಾನೆಗಳು ಎಲ್ಲಿ ನಿಲ್ಲುತ್ತವೆ!

ಸುಮಾರು 10,000 ಜನ ಆ ಉದ್ಯಮದಲ್ಲಿದ್ದರು, 2001ರ ಹೊತ್ತಿಗೆ ಹತ್ತರಲ್ಲಿ ಒಂಬತ್ತು ಜನಕ್ಕೆ ಕೆಲಸ ಇರಲಿಲ್ಲ. ಸರಿ, ರೈತನಿಗಾದರೂ ಸಿಕ್ಕಿತಾ? ಡ್ಯಾನಿ ರಾಡ್ರಿಕ್ ಮತ್ತು ಇನ್ನಿಬ್ಬರು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದರು. ಗೇರು ಬೆಳೆಯುವ ಒಂದು ಕುಟುಂಬಕ್ಕೆ ವರ್ಷಕ್ಕೆ ಹೆಚ್ಚೆಂದರೆ 5 ಡಾಲರ್ ಚಿಲ್ಲರೆ. ಉಳಿದದ್ದರಲ್ಲಿ ದೊಡ್ಡ ಪಾಲು ನಡುವಿನ ವ್ಯಾಪಾರಿಗಳಿಗೆ ಹೋಯಿತು.

ಮುಕ್ತ_ಮಾರುಕಟ್ಟೆ:
ಅಂದರೆ ಹತ್ತು ಸಾವಿರ ಜನರ ಕೆಲಸ ಉಳಿಸೋಕೆ ಲಕ್ಷಾಂತರ ರೈತರು ಕಮ್ಮಿ ರೇಟಿಗೆ ಮಾರುತ್ತಲೇ ಇರಬೇಕಿತ್ತಾ? ಹಳ್ಳಿಗೆ ರಸ್ತೆ ಇಲ್ಲ, ಬರುವ ಖರೀದಿದಾರ ಒಬ್ಬನೇ, ಅವನು ಹೇಳಿದ್ದೇ ರೇಟು. ಅದಕ್ಕೆ ವ್ಯಾಪಾರವನ್ನು ಬೈದು ಏನು ಪ್ರಯೋಜನ?

ನಂಪುಲಾ_ನೆನಪು:
ಮೇಲಿನವರೇ, ಆ ರಸ್ತೆ ಹಾಕುವವರು ಯಾರು? ಅಲ್ಲಿಗೇ ಬರಬೇಕಲ್ವಾ ನೆರವಿನ ಮಾತು.

ಉತ್ತರ ಮೊಜಾಂಬಿಕ್‌ನ ನಂಪುಲಾ ಪ್ರಾಂತ್ಯದಲ್ಲಿ ಆರೋಗ್ಯ ಯೋಜನೆಯೊಂದರಲ್ಲಿ ಕೆಲಸ ಮಾಡಿದ್ದೇನೆ. ಎಚ್‌ಐವಿ ಮಾತ್ರೆಗೆ ಅಮೆರಿಕದ ಪೆಪ್‌ಫಾರ್ ಅನ್ನುವ ಏಡ್ಸ್ ನೆರವಿನ ಯೋಜನೆಯ ದುಡ್ಡು ಬರುತ್ತಿತ್ತು. ಆ ಮಾತ್ರೆ ಒಂದು ತಿಂಗಳು ತಪ್ಪಿದರೂ ಕಷ್ಟ. 'ಗೇರು ಮಾರಿ ಕೊಂಡುಕೋ' ಅಂತ ಕಾಯಿಲೆಯವರಿಗೆ ಹೇಳೋಕಾಗುತ್ತಾ? ಆಫೀಸಿನಲ್ಲಿ ಕೂತು ಬಿಟ್ಟಿ ದುಡ್ಡು ಅನ್ನುವವರು ಇದನ್ನೊಂದು ಸಲ ನೋಡಬೇಕು.

ಹಾಗಂತ ಎಲ್ಲ ನೆರವೂ ಒಂದೇ ಅಲ್ಲ. ಅಲ್ಲಿನ ಸರ್ಕಾರದ ಬಜೆಟ್‌ಗೇ ನೇರವಾಗಿ ದುಡ್ಡು ಹಾಕುತ್ತಿದ್ದ ದೇಶಗಳಿದ್ದವು. 2013–14ರಲ್ಲಿ ಟ್ಯೂನಾ ಮೀನುಗಾರಿಕೆ, ಕರಾವಳಿ ಕಾವಲು ಅಂತೆಲ್ಲ ಹೆಸರು ಹೇಳಿ ಆ ಸರ್ಕಾರದವರು ಸುಮಾರು 200 ಕೋಟಿ ಡಾಲರ್ ಸಾಲ ಎತ್ತಿದ್ದರು, ಅದರಲ್ಲಿ ಜಾಸ್ತಿ ಪಾಲು ಸಂಸತ್ತಿಗೇ ಗೊತ್ತಿಲ್ಲದೆ. 2016ರಲ್ಲಿ ಬಯಲಾಯಿತು, ಬಜೆಟ್ ನೆರವು ನಿಂತಿತು. ದುಡ್ಡು ತಿಂದವರು ಯಾರೋ, ಪೆಟ್ಟು ತಿಂದವರು ಊರಿನ ಜನ.

ಇನ್ನೊಂದು ವಿಷಯ. ಕುಡ್ಲದವರು ಹೇಳಿದ ಕಾರ್ಖಾನೆಗಳು ಮುಚ್ಚಿದ ಮೇಲೆ ನಂಪುಲಾದಲ್ಲಿ ಸಣ್ಣ ಸಣ್ಣ ಸುಲಿಯುವ ಘಟಕಗಳು ಮತ್ತೆ ಎದ್ದವು. ಅದಕ್ಕೆ ತರಬೇತಿ, ತಾಂತ್ರಿಕ ಸಹಾಯ ಸಿಕ್ಕಿದ್ದು ವಿದೇಶಿ ನೆರವಿನಿಂದಲೇ. 1999ರಲ್ಲಿ ಅಲ್ಲಿನ ಸಂಸತ್ತು ಕಚ್ಚಾ ಬೀಜದ ರಫ್ತು ಸುಂಕವನ್ನು ಮತ್ತೆ ಏರಿಸಿ 18 ಮತ್ತು 22 ಶೇಕಡಾದ ನಡುವೆ ಇಟ್ಟಿತ್ತು, ಅದೂ ಕೈ ಹಿಡಿಯಿತು.

ಬಯಲುಸೀಮೆ_ಬಸ್ಯಾ:
ಥ್ಯಾಂಕ್ಸ್. ಹಾಗಾದರೆ ಕೊರಿಯಾ?

ಕುಡ್ಲದ_ಲೆಕ್ಕಿಗ:
ಕೊರಿಯಾ ನೆರವಿಲ್ಲದೆ ಮೇಲೆ ಬಂತು ಅನ್ನುವುದು ಬರೀ ಬೊಗಳೆ. 1950ರ ದಶಕದಲ್ಲಿ ಅವರ ಆಮದಿನ ಬಹುಪಾಲಿಗೆ ಅಮೆರಿಕದ ನೆರವೇ ದುಡ್ಡು ಕೊಟ್ಟದ್ದು. 60ರ ದಶಕದಲ್ಲಿ ರಫ್ತಿಗೆ ಇಳಿದಾಗಲೂ ತಮ್ಮ ಮಾರುಕಟ್ಟೆಯ ಬಾಗಿಲು ಪೂರ್ತಿ ತೆಗೆಯಲಿಲ್ಲ. ಮೊಜಾಂಬಿಕ್‌ಗೆ ಆ ಅವಕಾಶವನ್ನೇ ಕೊಡಲಿಲ್ಲ.

ಅಮೆರಿಕ, ಯುರೋಪನ್ನು ಮಾತ್ರ ಬೈದರೆ ಸಾಲದು. ನಾವು ಕಚ್ಚಾ ಬೀಜವನ್ನು ತೀರಾ ಕಡಿಮೆ ಸುಂಕಕ್ಕೆ ಒಳಗೆ ಬಿಡುತ್ತೇವೆ, ಸುಲಿದ ತಿರುಳು ಬಂದರೆ ಗೋಡೆ. 2019ರ ಬಜೆಟ್‌ನಲ್ಲಿ ತಿರುಳಿನ ಆಮದು ಸುಂಕ 45ರಿಂದ 70 ಶೇಕಡಾಕ್ಕೆ ಏರಿತು. ಬೀಜ ಕೊಡಿ, ಸುಲಿಯುವ ಕೆಲಸ ನಮಗಿರಲಿ ಅಂದಂತೆ. ನಮ್ಮ ಕಾರ್ಖಾನೆಯ ಹೆಂಗಸರ ಹೊಟ್ಟೆಪಾಡೂ ಇದರಲ್ಲೇ ಇದೆ, ಅದೇ ಇಕ್ಕಟ್ಟು.

ಈಗ ನೋಡಬೇಕಾದ್ದು ಪಶ್ಚಿಮ ಆಫ್ರಿಕಾದ ಬೆನಿನ್. 2024ರಿಂದ ಅವರು ಕಚ್ಚಾ ಬೀಜದ ರಫ್ತನ್ನೇ ನಿಲ್ಲಿಸಿದ್ದಾರೆ, ಗ್ಲೋ-ಜಿಗ್ಬೆ ಅನ್ನುವ ಕೈಗಾರಿಕಾ ವಲಯದಲ್ಲಿ ತಾವೇ ಸುಲಿಯುತ್ತಿದ್ದಾರೆ. ನಮ್ಮ ಕಡೆ ಖರೀದಿ ಮಾಡುವವರು ಗೊಣಗುತ್ತಾರೆ, ಯಂತ್ರ ಹಾಕಿಕೊಂಡು ನಮಗಿಂತ ಮುಂದೆ ಹೋದ ವಿಯೆಟ್ನಾಂನವರಿಗೂ ಅಲ್ಲಿನ ಬೀಜ ಬೇಕು. ಸುಲಿಯುವವರಿಗೆ ಕೂಲಿ ಎಷ್ಟು ಕೊಡುತ್ತಾರೆ, ಅಲ್ಲಿನ ರೈತನಿಗೆ ಬೀಜದ ರೇಟು ಎಷ್ಟು ಸಿಗುತ್ತದೆ, ಅದರ ಮೇಲೆ ಉಳಿದದ್ದು. ಬಸ್ಯಾ, ನಿಮ್ಮ ಆಫೀಸಿನ ಇಬ್ಬರನ್ನೂ ಇಲ್ಲಿಗೇ ಕಳಿಸಿ.