ಮರು: ಪೆಟ್ರೋಗ್ಲಿಫ್‌ಗೆ ಕನ್ನಡ ಪದ ಬೇಕು, ನಾಳೆ ಅಚ್ಚಿಗೆ (ಬಳ್ಳಾರಿ ಮ್ಯೂಸಿಯಂ ಕರಪತ್ರ)

> ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ಮ್ಯೂಸಿಯಂ ನೋಡಿಕೊಂಡು ಸಂಗನಕಲ್ಲು ಕಡೆಯ ಗುಡ್ಡಕ್ಕೆ ಹೋಗುವ ಶಾಲೆ ಮಕ್ಕಳಿಗೆ ಕರಪತ್ರ ಮಾಡುತ್ತಿದ್ದೇನೆ. ಪೆಟ್ರೋಗ್ಲಿಫ್, ರಾಕ್ ಪೇಂಟಿಂಗ್, ರಾಕ್ ಶೆಲ್ಟರ್ ಮೂರಕ್ಕೂ ಕನ್ನಡ ಪದ ಬೇಕು. ಗುಡ್ಡದ ಹತ್ತಿರ ಹಾಕಲು ಒಂದು ಎಚ್ಚರಿಕೆ ಸಾಲೂ ಬೇಕು.

ಮೇಡಂ, ನಿಮಗೆ ಅವಸರ ಇದೆ, ಮೊದಲು ಪದ ತಗೊಳ್ಳಿ. ಪೆಟ್ರೋಗ್ಲಿಫ್‌ಗೆ, ಅಂದರೆ ಬಣ್ಣವಿಲ್ಲದೆ ಕಲ್ಲಿನ ಮೈಯಲ್ಲೇ ಮೂಡಿಸಿದ ಚಿತ್ರಕ್ಕೆ, ಕುಟ್ಟುಚಿತ್ರ. ರಾಕ್ ಪೇಂಟಿಂಗ್‌ಗೆ ವರ್ಣಚಿತ್ರ. ರಾಕ್ ಶೆಲ್ಟರ್‌ಗೆ ಕಲ್ಲಾಸರೆ. ಬಣ್ಣದ್ದು, ಕುಟ್ಟಿದ್ದು ಎರಡನ್ನೂ ಸೇರಿಸಿ ಹೇಳುವಾಗ ಬಂಡೆಚಿತ್ರ. ಕಾರಣ ಕೆಳಗೆ ಇದೆ. ನಿನ್ನೆಯಿಂದ ಬಂದ ಉತ್ತರಗಳಲ್ಲಿ ಕೆಲವನ್ನು ಹಾಗೇ ಬಿಡೋಕೆ ನನಗೆ ಮನಸ್ಸಿಲ್ಲ.

> ಎಲ್ಲರೂ ಬರೆಯುವ ಹಾಗೆ ಗುಹಾಚಿತ್ರ ಅಂತ ಹಾಕಿ, ಸಾಕು.

ಸಾಕಾಗಲ್ಲ. ಗುಹೆ ಎಲ್ಲಿದೆ ಅಲ್ಲಿ? ಫ್ರಾನ್ಸಿನ ಲಾಸ್ಕೋ, ಸ್ಪೇನಿನ ಆಲ್ಟಮಿರಾ ನಿಜವಾದ ಗುಹೆಗಳು. ಒಳಗೆ ಕತ್ತಲು. ಜನರ ಉಸಿರಿಗೇ ಚಿತ್ರ ಹಾಳಾಗುತ್ತೆ ಅಂತ ಲಾಸ್ಕೋವನ್ನು 1963ರಲ್ಲಿ ಮುಚ್ಚಿದರು. ಈಗ ಅಲ್ಲಿಗೆ ಹೋದವರು ನೋಡುವುದು ಪಕ್ಕದಲ್ಲಿ ಕಟ್ಟಿದ ಪ್ರತಿಕೃತಿಯನ್ನು. ಅದಕ್ಕೆ ಗುಹಾಚಿತ್ರ ಅನ್ನಿ, ನನ್ನ ತಕರಾರಿಲ್ಲ. ನಮ್ಮ ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನಲ್ಲಿ ಚಿತ್ರ ಇರುವುದು ಮುಂದಕ್ಕೆ ಚಾಚಿಕೊಂಡ ಬಂಡೆಯ ಕೆಳಗೆ. ಗಾಳಿ ಬೆಳಕು ಆಡುವ ಜಾಗ. ಮಧ್ಯಪ್ರದೇಶದ ಭೀಮಬೇಟ್ಕಾದಲ್ಲೂ ಹೆಚ್ಚಿನವು ಇಂಥವೇ. ಇದಕ್ಕೆ ನಮ್ಮ ಪುರಾತತ್ವದವರು ಕಲ್ಲಾಸರೆ ಅಂತ ಬರೆಯುತ್ತಾ ಬಂದಿದ್ದಾರೆ. ಕಲ್ಲೇ ಆಸರೆ. ಮಗು ಪದ ಓದಿದ ಕೂಡಲೇ ಜಾಗ ಕಣ್ಣಿಗೆ ಬರುತ್ತೆ. ಇಂಥ ಪದ ಕೈಯಲ್ಲಿದ್ದೂ ಗುಹೆ ಗುಹೆ ಅನ್ನುವುದು ಸೋಮಾರಿತನ.

ಇನ್ನು ನೀವು ಕೇಳುತ್ತಿರುವ, ಸಂಗನಕಲ್ಲು ಪಕ್ಕದ ಕಪ್ಪಗಲ್ಲು ಗುಡ್ಡದ ಎತ್ತಿನ ಚಿತ್ರಗಳಿಗಂತೂ ಆ ಆಸರೆಯೂ ಇಲ್ಲ. ಗ್ರಾನೈಟ್ ಗುಡ್ಡದ ನಡುವೆ ಹಾದುಹೋಗುವ ಕಪ್ಪು ಡಾಲರೈಟ್ ಬಂಡೆಗಳ ಸಾಲು, ಬಯಲಲ್ಲಿ. ಅದರ ಮೇಲೆ ಉದ್ದ ಕೊಂಬಿನ, ಡುಬ್ಬದ ಎತ್ತುಗಳು. 1892ರಲ್ಲೇ ಬ್ರಿಟಿಷ್ ಅಧಿಕಾರಿ ಫಾಸೆಟ್ ಇವುಗಳ ಬಗ್ಗೆ ಬರೆದರು. ಇದನ್ನು ಗುಹಾಚಿತ್ರ ಅಂತ ಅಚ್ಚು ಹಾಕಿದರೆ ಮಕ್ಕಳು ಗುಡ್ಡ ಹತ್ತಿ ಗುಹೆ ಹುಡುಕುತ್ತಾರೆ.

> ಶಿಲಾಕಲೆ ಗಂಭೀರವಾಗಿದೆ. ಇಲ್ಲವೇ ಕಲ್ಬರಹ.

ಶಿಲಾಕಲೆಯನ್ನು ಹತ್ತರಲ್ಲಿ ಒಂಬತ್ತು ಜನ ಶಿಲ್ಪಕಲೆ ಅಂತ ಓದುತ್ತಾರೆ, ಬೇಲೂರು ನೆನೆಸಿಕೊಳ್ಳುತ್ತಾರೆ. ಕಲ್ಬರಹ ಅಂದರೆ ಶಾಸನ. ಆ ಎತ್ತುಗಳನ್ನು ಮಾಡಿದ ದನಗಾಹಿಗಳ ಕಾಲದಲ್ಲಿ ಇಲ್ಲಿ ಬರಹವೇ ಇರಲಿಲ್ಲ. ಎರಡೂ ಬೇಡ.

> ಕೆತ್ತನೆಚಿತ್ರ ಅನ್ನಬಹುದಲ್ಲ? ಗೀರುಚಿತ್ರ?

ಇಲ್ಲಿ ಕೆಲಸದ ಬಗೆ ಮುಖ್ಯ. ಕೆತ್ತಿದರೆ ಕಲ್ಲಿನ ಚೂರು ಏಳುತ್ತೆ, ಆಕಾರ ಬರುತ್ತೆ. ಗೀರಿದರೆ ಗೆರೆ ಮೂಡುತ್ತೆ. ಕೊರೆದರೆ ಆಳ ಬೀಳುತ್ತೆ. ಗೋವಾದ ಉಸಗಾಳಿಮಾಳದಲ್ಲಿ ನದಿ ದಡದ ಮುರಕಲ್ಲಿನ ಮೇಲಿರುವವು ಕೊರೆದವು. ಕಪ್ಪಗಲ್ಲಿನಲ್ಲಿ ಆದದ್ದು ಬೇರೆ. ಇನ್ನೊಂದು ಕಲ್ಲು ಹಿಡಿದು ಬಂಡೆಯ ಕಪ್ಪು ಮೈಯನ್ನು ಕುಟ್ಟಿ ಕುಟ್ಟಿ, ಒಳಗಿನ ತಿಳಿಬಣ್ಣ ಕಾಣುವಂತೆ ಮಾಡಿದ್ದಾರೆ. ಹಿಂದೆ ಬೀಸುಕಲ್ಲು ನುಣುಪಾದಾಗ ಕಲ್ಲು ಕುಟ್ಟುವವರನ್ನು ಕರೆದು ಒರಟು ಮಾಡಿಸುತ್ತಿದ್ದರಲ್ಲ, ಅಂಥದೇ ಚುಕ್ಕೆ ಚುಕ್ಕೆ ಗುರುತು. ಕುಟ್ಟಿದ ಜಾಗವೂ ಕಾಲ ಕಳೆದಂತೆ ಕಪ್ಪಾಗುತ್ತಾ ಹೋಗುತ್ತೆ. ಅದಕ್ಕೇ ಹಳೆಯವು ಮಸುಕು, ಆಮೇಲಿನವು ಎದ್ದು ಕಾಣುತ್ತವೆ. ಹಾಗಾಗಿ ‘ಶಿಲಾಯುಗದ ಚಿತ್ರಗಳು’ ಅಂತ ಒಂದೇ ಹಣೆಪಟ್ಟಿ ಹಚ್ಚಬೇಡಿ. ಅಲ್ಲಿರುವವು ಎಲ್ಲವೂ ಒಂದೇ ಕಾಲದವಲ್ಲ. ಅದೇ ಬಂಡೆಗಳಲ್ಲಿ ಕೆಲವನ್ನು ಬಡಿದರೆ ಗಂಟೆಯಂತೆ ಸದ್ದು ಬರುತ್ತೆ. ಕುಟ್ಟು ಅನ್ನುವ ಪದದಲ್ಲಿ ಆ ಸದ್ದೂ ಇದೆ. ಇದಕ್ಕಿಂತ ಹೊಂದುವ ಪದ ನನಗೆ ಕಾಣುತ್ತಿಲ್ಲ.

> ಬಂಡೆಚಿತ್ರ, ಕುಟ್ಟುಚಿತ್ರ ಎರಡೂ ಅರಿಸಮಾಸ. ಇಂಥ ಪದ ಮಕ್ಕಳಿಗೆ ಕಲಿಸಬಾರದು.

ಸರ್, ಅರಿಸಮಾಸ ಅಂದರೆ ಕನ್ನಡ ಪದವನ್ನೂ ಸಂಸ್ಕೃತ ಪದವನ್ನೂ ಬೆಸೆದ, ವ್ಯಾಕರಣ ಒಪ್ಪದ ಜೋಡಣೆ. ಆದರೆ ಕುಟ್ಟುಚಿತ್ರದಲ್ಲಿ ಪೂರ್ವಪದ ಕ್ರಿಯೆಯಿಂದ ಬಂದದ್ದು. ಅದು ಗಮಕಸಮಾಸ. ಗಮಕಕ್ಕೂ ಕ್ರಿಯಾಸಮಾಸಕ್ಕೂ ಅರಿಸಮಾಸದ ದೋಷವಿಲ್ಲ ಅಂತ ನೀವೇ ಈ ಮೇಲ್ ಪಟ್ಟಿಯಲ್ಲಿ ಇನ್ನೊಬ್ಬರಿಗೆ ಪಾಠ ಹೇಳಿದ್ದೀರಿ. ಬಂಡೆಚಿತ್ರ ಅರಿಸಮಾಸ ಹೌದು. ಆದರೆ ಮಳೆಗಾಲ ಏನು? ಚಳಿಗಾಲ ಏನು? ಕಾಲ ಸಂಸ್ಕೃತ, ಮಳೆ ಕನ್ನಡ, ನಡುವೆ ಕ ಹೋಗಿ ಗ ಬರುವ ಗಕಾರಾದೇಶ ಕೂಡ ಆಗಿದೆ. ನಾಡೆಲ್ಲ ಅದನ್ನೇ ಆಡುತ್ತೆ. ಹಳಗನ್ನಡ ವ್ಯಾಕರಣ ಬರೆದ ಕೇಶಿರಾಜನೂ ಬಿರುದುಗಳಿಗೆ, ಹಿಂದಿನ ಕವಿಗಳ ಪ್ರಯೋಗಕ್ಕೆ ವಿನಾಯಿತಿ ಕೊಟ್ಟವನೇ. ನಿಯಮ ಇರುವುದು ಕಿವಿಗೆ ಒರಟಾದ ಜೋಡಣೆ ತಡೆಯೋಕೆ. ಬಂಡೆಚಿತ್ರ ಯಾರ ಕಿವಿಗೂ ಚುಚ್ಚಲ್ಲ.

> ಹಾಗಾದರೆ ಕಲ್ಚಿತ್ತಾರ ಅನ್ನಿ, ತದ್ಭವ, ದೋಷವೇ ಇಲ್ಲ.

ಬೇಡ. ಚಿತ್ತಾರ ಅಂದರೆ ಮಲೆನಾಡಿನ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಬರೆಯುವ ಕಲೆ. ಈಗಲೂ ಬರೆಯುತ್ತಾರೆ. ಅದರ ಹೆಸರು ಅದಕ್ಕೇ ಇರಲಿ.

> ರಾಕ್ ಆರ್ಟ್ ಅಂದರೆ ಏನು ಕಷ್ಟ? ಮ್ಯೂಸಿಯಂ ಅನ್ನೋದನ್ನು ಒಪ್ಪುತ್ತೀರಲ್ಲ?

ಮ್ಯೂಸಿಯಂ ಒಪ್ಪುತ್ತೇನೆ. ಆಟೋದವರಿಗೆ ‘ವಸ್ತುಸಂಗ್ರಹಾಲಯಕ್ಕೆ ಬಿಡಿ’ ಅಂದರೆ ಮ್ಯೂಸಿಯಂ ಅಲ್ವಾ ಅಂತ ಕೇಳುತ್ತಾರೆ. ಜನ ಆಗಲೇ ತಮ್ಮದು ಮಾಡಿಕೊಂಡ ಪದವನ್ನು ಸುಮ್ನೆ ಕಿತ್ತು ಹಾಕಬಾರದು. ಆದರೆ ರಾಕ್ ಆರ್ಟ್ ಜನರ ಬಾಯಲ್ಲಿ ಎಲ್ಲಿದೆ? ಅದು ಇರುವುದು ಸೆಮಿನಾರಿನಲ್ಲಿ. ಬಳ್ಳಾರಿ, ಕೊಪ್ಪಳ ಸೀಮೆಯ ಜನ ಇಂಥ ಹಳೆಯ ಕುರುಹುಗಳಿಗೆ ತಾವೇ ಹೆಸರಿಟ್ಟವರು. ಸುಟ್ಟ ಸಗಣಿಯ ರಾಶಿಗೆ ಬೂದಿದಿಬ್ಬ. ಹಿರೇಬೆಣಕಲ್ಲಿನ ಕಲ್ಲುಚಪ್ಪಡಿಯ ಗೋರಿಗಳಿಗೆ ಮೋರ್ಯರ ಮನೆ. ವಿದ್ವಾಂಸರೂ ಅವನ್ನೇ ತಗೊಂಡರು. ರತ್ನಗಿರಿ ಕಡೆಯ ಹಾಸುಬಂಡೆ ಚಿತ್ರಗಳಿಗೆ ಮರಾಠಿಯವರು ಕಾತಳ ಶಿಲ್ಪ ಅಂತ ತಮ್ಮ ಮಾತಲ್ಲೇ ಹೆಸರಿಟ್ಟರು, ಪತ್ರಿಕೆಗಳೂ ಅದನ್ನೇ ಬಳಸುತ್ತವೆ. ನಾವು ಮಾತ್ರ ಪದ ಸಿಗುವ ಮುಂಚೆಯೇ ಇಂಗ್ಲಿಷಿಗೆ ಕೈ ಚಾಚುತ್ತೇವೆ. ಕಡ ತರುವುದು ತಪ್ಪಲ್ಲ. ಮನೆಯಲ್ಲಿ ಇರುವುದನ್ನು ನೋಡದೆ ತರುವುದು ತಪ್ಪು.

ಮೇಡಂ, ಇನ್ನೊಂದು ಮಾತು. ಕರಡಿನಲ್ಲಿ ಕುಪ್ಗಲ್ ಅಂತ ಬರೆದಿದ್ದೀರಿ. ಅದು ಇಂಗ್ಲಿಷ್ ಬರಹದ ಕಾಗುಣಿತ. ಊರು ಕಪ್ಪಗಲ್ಲು. ಆ ಹೆಸರು ಕಪ್ಪು ಕಲ್ಲಿನಿಂದಲೇ ಬಂದಿರಬಹುದು ಅನ್ನುವುದು ನನ್ನ ಊಹೆ, ಖಚಿತ ಆಧಾರ ನನ್ನಲ್ಲಿಲ್ಲ.  ಕರಪತ್ರದಲ್ಲಿ ಊರಿನ ಹೆಸರನ್ನು ಕಪ್ಪಗಲ್ಲು ಅಂತಲೇ ಹಾಕಿ.

ಎಚ್ಚರಿಕೆ ಫಲಕಕ್ಕೆ ‘ಸ್ಪರ್ಶಿಸುವುದನ್ನು ನಿಷೇಧಿಸಲಾಗಿದೆ’ ಬೇಡ. ಫೋಟೊ ಚೆನ್ನಾಗಿ ಬರಲಿ ಅಂತ ಚಿತ್ರದ ಗೆರೆಗೆ ಸೀಮೆಸುಣ್ಣ ಹಚ್ಚುವವರೇ ನಿಜವಾದ ತೊಂದರೆ. ನಾರ್ವೆಯ ಆಲ್ಟಾದಲ್ಲಿ ನೋಡುವವರಿಗೆ ಕಾಣಲಿ ಅಂತ ಹಿಂದೆ ಕೆಂಪು ಬಣ್ಣ ತುಂಬಿ, ಈಗ ಅದನ್ನು ತೆಗೆಯುವ ಕೆಲಸ ಮಾಡುತ್ತಿದ್ದಾರೆ. ಹೀಗೆ ಹಾಕಿ:

ಇಲ್ಲಿ ಸಾವಿರಾರು ವರ್ಷ ಹಳೆಯ ಕುಟ್ಟುಚಿತ್ರಗಳಿವೆ. ಕಣ್ತುಂಬ ನೋಡಿ. ಸೀಮೆಸುಣ್ಣ, ಬಣ್ಣ, ನೀರು ಹಾಕಬೇಡಿ. ಕಲ್ಲಿನಿಂದ ಬಡಿಯಬೇಡಿ. ಹೆಸರು ಬರೆಯಬೇಡಿ.